ಬಂಗಾರಪೇಟೆಗೊಂದು ಸರ್ಟಿಫಿಕೇಟು

ಗೋಪಾಲ್ ಆ ಮಾತು ಆಡಬಾರದಿತ್ತು. ಕಾಫಿ ಕುಡಿಯುತ್ತ, ಅರ್ಧ ಗಮನವನ್ನು ಪೇಪರಿನಲ್ಲಿಟ್ಟುಕೊಂಡು, "ಹಾಗಾದ್ರೆ ನಿನ್ನ ತಂಗಿ ಗಂಡನ್ನೇ ಕರೆಸಿ ಕೇಳು, ಇಲ್ಲಿ ಮನುಷ್ಯರು ಬದುಕಬಹುದೋ ಇಲ್ವೋ ಅಂತ" ಎಂದುಬಿಟ್ಟ.

ಶಾಂತಮ್ಮ ಲೋಟ ಕೆಳಗಿಟ್ಟಳು. ಕಾಫಿ ಪೂರ್ತಿ ಮುಗಿಯುವ ಮುಂಚೆ ಅವಳು ಲೋಟ ಕೆಳಗಿಟ್ಟಳೆಂದರೆ ಮಾತು ಗಂಭೀರವಾಯಿತೆಂದೇ ಅರ್ಥ.

"ಆಯ್ತು. ಭಾನುವಾರ ಅವರಿಬ್ರೂ ಬರ್ತಾರೆ. ಈ ಊರಲ್ಲಿ ಬದುಕಬಹುದು ಅಂತ ನರೇಶ್ ಅವರ ಬಾಯಲ್ಲೇ ಹೇಳ್ಲಿ. ಆಮೇಲೆ ನಾನು ಬೆಂಗಳೂರಿನ ಹೆಸರೆತ್ತಿದ್ರೆ ಕೇಳಿ."

ಗೋಪಾಲ್ ದಾವಣಗೆರೆಯಿಂದ ಕೆಲಸಕ್ಕೆಂದು ಕೆಜಿಎಫ್‌ಗೆ ಬಂದವನು. ಮೀಸೆ ಕಪ್ಪಗಿದ್ದಾಗ ಕಾರ್ಖಾನೆ ಸೇರಿದವನು ಬೆಳ್ಳಗಾದ ಮೀಸೆಯೊಂದಿಗೆ ಮುಂದಿನ ತಿಂಗಳು ನಿವೃತ್ತನಾಗುವವನಿದ್ದ. ಆಮೇಲೆ ಕ್ವಾರ್ಟರ್ಸ್ ಬಿಡಬೇಕು. ಬಿಟ್ಟು ಎಲ್ಲಿಗೆ ಹೋಗಬೇಕೆನ್ನುವುದೇ ಜಗಳ. ಪಕ್ಕದ ಬಂಗಾರಪೇಟೆಯಲ್ಲಿ ಅವನು ಕಟ್ಟಿಸಿದ್ದ ಪುಟ್ಟ ಮನೆ ಬಣ್ಣ ಬಳಿಸಿಕೊಂಡು ಸಿದ್ಧವಾಗಿತ್ತು. ಶಾಂತಮ್ಮನ ಮನಸ್ಸು ಮಾತ್ರ ಮಲ್ಲೇಶ್ವರದಲ್ಲಿ, ತಂಗಿ ಕಲ್ಪನ ಇರುವ ಬೀದಿಯಲ್ಲೇ, ಬಾಡಿಗೆ ಮನೆ ಹುಡುಕುತ್ತಿತ್ತು.

ತಪ್ಪು ಶಾಂತಮ್ಮನದೂ ಅಲ್ಲ. ಮದುವೆಯಾದಾಗಿನಿಂದ ಕಲ್ಪನ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದಳು. "ಅಕ್ಕಾ, ಅಲ್ಲಿ ಏನಿದೆ?" ಒಂದೇ ಪ್ರಶ್ನೆಯನ್ನು ಅಷ್ಟು ವರ್ಷ ಕೇಳಿಸಿಕೊಂಡರೆ ಯಾರಿಗಾದರೂ ಅದು ತಮ್ಮದೇ ಪ್ರಶ್ನೆ ಅನ್ನಿಸಿಬಿಡುತ್ತದೆ. ಗೋಪಾಲನಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು, ಆದರೆ ಹೇಳಲು ಬರುತ್ತಿರಲಿಲ್ಲ. ಸಂಜೆ ಕೋರಮಂಡಲ್ ಗಣಿ ಬಡಾವಣೆಯ ಕಡೆಗೆ ನಡೆದುಹೋದರೆ ದಾರಿಯಲ್ಲಿ ಮೂರು ಭಾಷೆಯಲ್ಲಿ ಜನ ಅವನನ್ನು ಮಾತಾಡಿಸುತ್ತಿದ್ದರು. ಟೀ ಅಂಗಡಿಯವನು ಕೇಳದೆಯೇ ಸಕ್ಕರೆ ಕಮ್ಮಿ ಹಾಕುತ್ತಿದ್ದ. ಇಲ್ಲಿ ಅವನು ಗೋಪಾಲ್ ಸಾರ್. ಬೆಂಗಳೂರಿಗೆ ಹೋದರೆ ಸಾಯುವವರೆಗೆ ನರೇಶನ ಷಡ್ಡಕ.

ಸಹಾಯಕ್ಕೆ ಸೆಲ್ವರಾಜ್ ತಾನಾಗಿಯೇ ಬಂದ. ಕೋರಮಂಡಲ್‌ನ ಹಳೆಯ ಗಣಿ ಕಾರ್ಮಿಕರ ಮನೆಯಲ್ಲಿರುವ ಇವನು ಗೋಪಾಲನ ಸಂಜೆಯ ಜೊತೆಗಾರ. ಬೆಂಗಳೂರಿನಲ್ಲಿ ಕೆಲಸ, ದಿನವೂ ರೈಲಿನಲ್ಲಿ ಹೋಗಿ ಬರುತ್ತಾನೆ.

"ಸಾರ್, ಬೆಂಗಳೂರವ್ರನ್ನ ನನಗೆ ಬಿಡಿ ಸಾರ್. ದಿನಾ ಅವ್ರ ಕಂಕುಳಲ್ಲೇ ನಿಂತ್ಕೊಂಡು ಹೋಗಿ ಬರ್ತೀನಿ. ಅವ್ರಿಗೆ ಏನು ಬೇಕು ಅಂತ ನನಗೆ ಗೊತ್ತು. ಎ.ಸಿ. ಬೇಕು, ಕ್ಲೀನ್ ಬಾತ್‌ರೂಮ್ ಬೇಕು, ಕಾರ್ ನಿಲ್ಸೋಕೆ ಜಾಗ ಬೇಕು. ಸಿರಿತಟ್ಟೆಗೆ ಕರ್ಕೊಂಡು ಹೋಗೋಣ. ಮುಗೀತು ಕೆಲಸ."

ಸಿರಿತಟ್ಟೆ ಎಂದರೆ ಹೆದ್ದಾರಿಗಳ ಉದ್ದಕ್ಕೂ ಶಾಖೆಗಳಿರುವ ದೊಡ್ಡ ಹೋಟೆಲು. ಬಂಗಾರಪೇಟೆಯ ಹೊರಗೆ ಅದರ ಶಾಖೆ ತೆರೆದು ಕೆಲವು ತಿಂಗಳಾಗಿತ್ತು. ಗಣಿ ಮುಚ್ಚಿದ ಮೇಲೆ ಈ ಸೀಮೆಯ ಕತೆ ಮುಗಿಯಿತು ಎಂದು ಹೇಳದವರೇ ಇರಲಿಲ್ಲ. ಮುಗಿಯಿತು ಅನ್ನಿಸಿಕೊಂಡ ಸೀಮೆಯಲ್ಲಿ ರಾತ್ರಿಯಿಡೀ ಉರಿಯುವ ಒಂದು ಹೊಸ ಬೋರ್ಡು ಬಂದರೆ ಅದನ್ನು ಜನ ನೋಡುವ ರೀತಿಯೇ ಬೇರೆ. ಮದುವೆಯ ವಾರ್ಷಿಕೋತ್ಸವದಂದು ಗೋಪಾಲನೂ ಶಾಂತಮ್ಮನೂ ಅಲ್ಲಿ ಊಟ ಮಾಡಿದ್ದರು. ಪಕ್ಕದ ಮೇಜಿನಲ್ಲಿ ಹೂವಿನ ತೋಟದ ಕೂಲಿ ಹೆಂಗಸರು ಯಾರದೋ ಹುಟ್ಟುಹಬ್ಬಕ್ಕೆಂದು ಬಂದು, ಒಬ್ಬರ ತುಪ್ಪದ ದೋಸೆಯನ್ನು ಇನ್ನೊಬ್ಬರು ಮುರಿದುಕೊಂಡು ನಗುತ್ತಿದ್ದರು. ಅವರಿಗೂ ಬಿಳಿ ಅಂಗಿಯವನು ಬಗ್ಗಿ ನೀರು ಬಡಿಸಿದ್ದ. ಆ ದಿನ ಶಾಂತಮ್ಮ ಕೈತೊಳೆಯುವ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ನಿಂತಿದ್ದಳು.

ಭಾನುವಾರ ಹತ್ತು ಗಂಟೆಗೆ ನರೇಶನ ಕಾರು ಕ್ವಾರ್ಟರ್ಸ್ ಮುಂದೆ ನಿಂತಿತು. ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದ ಮೇಲೆ ನರೇಶ ಗಡ್ಡ ಬಿಟ್ಟು ಖಾದಿ ಅಂಗಿ ತೊಟ್ಟಿದ್ದ. ಕಲ್ಪನ ಕೈಮಗ್ಗದ ಸೀರೆಯಲ್ಲಿದ್ದಳು. ಗೋಪಾಲ್ ಮಾತ್ರ ಬೆಂಗಳೂರಿನವರಿಗೆಂದು ಟೆರಿಕಾಟ್ ಪ್ಯಾಂಟು, ಶೂ ಹಾಕಿ, ಶರ್ಟು ಇನ್ ಮಾಡಿ ಬೆವರುತ್ತಿದ್ದ. ಒಟ್ಟಿನಲ್ಲಿ ಹಳ್ಳಿಯವರು ಪಟ್ಟಣಕ್ಕೂ ಪಟ್ಟಣದವರು ಹಳ್ಳಿಗೂ ಸಿದ್ಧರಾಗಿ ಎದುರುಬದುರು ನಿಂತಂತಿತ್ತು.

ಕರೆಯದಿದ್ದರೂ ಸೆಲ್ವರಾಜ್ ಕಾರಿನ ಮುಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ತೋರಿಸಿದ. "ಅದು ನೋಡಿ ಸಾರ್, ಹೊಸ ಮೊಬೈಲ್ ಶೋರೂಮ್. ಇದು ನೋಡಿ, ಚಿನ್ನದಂಗಡಿ, ಲಿಫ್ಟ್ ಇದೆ ಸಾರ್ ಒಳಗಡೆ." ನರೇಶ ಮಾತ್ರ ಅವನ ಬೆರಳಿನ ವಿರುದ್ಧ ದಿಕ್ಕಿಗೇ ನೋಡುತ್ತಿದ್ದ. ಕುಸಿದ ಗೋಡೆ ಕಂಡರೆ ಕಾರು ನಿಲ್ಲಿಸಿ ಫೋಟೋ ತೆಗೆದ. ತುಕ್ಕು ಹಿಡಿದ ಗೇಟು ಕಂಡರೆ ಕಲ್ಪನ ಅದಕ್ಕೆ ಒರಗಿ ನಿಂತಳು. ತಮ್ಮ ಊರಿನಲ್ಲಿ ರಿಪೇರಿಯಾಗದೆ ಉಳಿದದ್ದಷ್ಟೇ ಇವರಿಗೆ ಇಷ್ಟವಾಗುತ್ತಿದೆ ಎಂದು ಗೋಪಾಲನಿಗೆ ನಿಧಾನವಾಗಿ ಹೊಳೆಯತೊಡಗಿತು. ಹೊಳೆಯುವ ಹೊತ್ತಿಗೆ ಸಿರಿತಟ್ಟೆ ಬಂದಿತ್ತು.

ನರೇಶ ಬಾಗಿಲವರೆಗೆ ಬಂದ. ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ನರೇಶ ಅಲ್ಲೇ ನಿಂತ.

"ಗೋಪಾಲಣ್ಣ, ಇದು ನಮ್ಮ ಬೀದಿ ಮೂಲೇಲೇ ಇದೆ. ಇದಕ್ಕೋಸ್ಕರ ಇಷ್ಟು ದೂರ ಬರಬೇಕಿತ್ತಾ?"

"ಎ.ಸಿ. ಇದೆ" ಎಂದ ಗೋಪಾಲ್.

"ಎ.ಸಿ. ಇದೆ, ಜೀವ ಇಲ್ಲ" ಎಂದ ನರೇಶ. "ಎಲ್ಲೋ ಒಂದು ಕಡೆ ಬೇಯಿಸಿ ಲಾರೀಲಿ ಕಳಿಸ್ತಾರೆ. ಯಾವ ಊರಿಗೆ ಹೋದ್ರೂ ಅದೇ ಬೋರ್ಡು, ಅದೇ ರುಚಿ. ನೀವೂ ನಮ್ಮ ಹಾಗೇ ಆಗೋದಾದ್ರೆ ನಾವು ಎಲ್ಲಿಗೆ ಹೋಗೋಣ ಹೇಳಿ?"

"ಭಾವ, ನಿಜವಾದ ಹಳ್ಳಿ ಊಟ ಎಲ್ಲೂ ಸಿಗಲ್ವಾ?" ಎಂದಳು ಕಲ್ಪನ.

ಬಾಗಿಲು ಇವರನ್ನು ಒಳಗೆ ಕರೆಯುವುದೋ ಬೇಡವೋ ಎಂದು ತೆರೆದು ಮುಚ್ಚುತ್ತಲೇ ಇತ್ತು. ಶಾಂತಮ್ಮ ಕಾರಿನತ್ತ ತಿರುಗಿದಳು. ಮದುವೆಯ ವಾರ್ಷಿಕೋತ್ಸವದಂದು ತಾನು ಸಂತೋಷಪಟ್ಟ ಜಾಗಕ್ಕೆ ಜೀವವಿಲ್ಲ ಎಂದು ತಂಗಿಯ ಗಂಡ ಹೇಳಿದ್ದು ಅವಳಿಗೆ ನಾಟಿತ್ತು. ಗೋಪಾಲನಿಗೂ ನಾಟಿತ್ತು. ಅವನ ಗಾಬರಿ ಮಾತ್ರ ಬೇರೆ. ಸರ್ಟಿಫಿಕೇಟು ಕೈತಪ್ಪುತ್ತಿತ್ತು.

ಸೆಲ್ವರಾಜ್ ಅವನನ್ನು ಪಕ್ಕಕ್ಕೆಳೆದ. "ಸಾರ್, ಇವ್ರು ಬೇರೆ ಟೈಪ್ ಬೆಂಗಳೂರು ಸಾರ್. ನನ್ನ ರೈಲಲ್ಲಿ ಬರಲ್ಲ ಇವ್ರು. ನಮ್ಮ ಚಿಕ್ಕವೆಂಕಟಪ್ಪನಿಗೆ ಫೋನ್ ಹಾಕಿ."

ಚಿಕ್ಕವೆಂಕಟಪ್ಪ ಗೋಪಾಲನ ವಿಭಾಗದಲ್ಲೇ ಗುತ್ತಿಗೆ ಕೆಲಸ ಮಾಡುವವನು. ಬೂದಿಕೋಟೆಯ ಹತ್ತಿರ ಅವನ ಹಳ್ಳಿ. ತಾಯಿ ಮುನಿಗಂಗಮ್ಮ ಕಳಿಸುವ ಮುದ್ದೆ, ಹುರುಳಿ ಸಾರಿನ ಡಬ್ಬಿ ತೆರೆದರೆ ಪಕ್ಕದ ವಿಭಾಗದವರೂ ಏನೋ ನೆಪ ಹುಡುಕಿಕೊಂಡು ಬರುತ್ತಿದ್ದರು. ಗೋಪಾಲ್ ಫೋನಿನಲ್ಲಿ ಗೋಗರೆದ. "ನಮ್ಮ ಮನೆಯವರ ಕಡೆಯ ನೆಂಟರಪ್ಪ, ಬೆಂಗಳೂರಿನವರು. ನಿಮ್ಮನೇಲಿ ಒಂದು ಹಳ್ಳಿ ಊಟ ಹಾಕಿಸೋಕಾಗುತ್ತಾ? ಮುದ್ದೆ, ಸೊಪ್ಪಿನ ಸಾರು, ಅಷ್ಟೇ. ನನ್ನ ಮಾನ ನಿನ್ನ ಕೈಲಿದೆ."

"ಅದ್ಯಾಕ್ ಸಾ ಅಂಗಂತೀರಾ. ನಿಮ್ ನೆಂಟ್ರು ನಮ್ ನೆಂಟ್ರಲ್ವಾ. ಒಂದೆರಡು ಗಂಟೆ ಟೇಮ್ ಕೊಡಿ. ನಮ್ಮಮ್ಮಂಗೆ ಏಳ್ತೀನಿ."

ಎರಡು ಗಂಟೆ ಕಳೆಯಬೇಕಿತ್ತು. ಪೇಟೆಯಲ್ಲಿ ಪಾನಿಪುರಿ ತಿನ್ನಿಸೋಣವೆಂದು ಸೆಲ್ವರಾಜ್ ಕರೆದುಕೊಂಡು ಹೋದ. ನೀರಿನಂತೆಯೇ ತಿಳಿಯಾಗಿ ಕಾಣುವ ಬಂಗಾರಪೇಟೆಯ ಪಾನಿ ಗಂಟಲಿಗಿಳಿದ ಮೇಲೆಯೇ ತನ್ನ ಗುಣ ತೋರಿಸುವುದು. ನರೇಶ ಒಂದು ತಿಂದು, ಕಣ್ಣು ಮುಚ್ಚಿ ಆಲೋಚಿಸಿ, ಗಾಡಿಯಾಕೆಗೆ ಹೇಳಿದ. "ಮಲ್ಲೇಶ್ವರದಲ್ಲಿ ಬಂಗಾರಪೇಟೆ ಪಾನಿಪುರಿ ಅಂತಲೇ ಒಂದು ಅಂಗಡಿ ಇದೆಯಮ್ಮ. ಅದರಷ್ಟು ಒರಿಜಿನಲ್ ಅನ್ನಿಸ್ತಿಲ್ಲ ಇದು."

"ನಮಗೇನ್ ಗೊತ್ತು ಸಾರ್" ಎಂದಳು ಆಕೆ, ಮುಂದಿನ ಪುರಿಗೆ ತೂತು ಮಾಡುತ್ತ. "ನಾವು ಈ ಊರು ಬಿಟ್ಟು ಎಲ್ಲೂ ಓಗಿಲ್ಲ."

ಆ ಎರಡನೆಯ ಪುರಿಗೆ ಆಕೆ ಮನಸ್ಸು ಬಿಚ್ಚಿ ಪಾನಿ ತುಂಬಿರಬೇಕು. ನರೇಶನಿಗೆ ಬಿಕ್ಕಳಿಕೆ ಹತ್ತಿತು. ನಿಲ್ಲಲಿಲ್ಲ. ಒಬ್ಬರು ತೆಲುಗಿನಲ್ಲಿ ಉಸಿರು ಬಿಗಿಹಿಡಿ ಎಂದರು. ಇನ್ನೊಬ್ಬರು ತಮಿಳಿನಲ್ಲಿ ಸಕ್ಕರೆ ನುಂಗು ಎಂದರು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಯಾವ ಭಾಷೆಯನ್ನೂ ಆಡದೆ ಬೆನ್ನ ಮೇಲೆ ಒಂದು ಗುದ್ದು ಕೊಟ್ಟರು. ಕೈಯಲ್ಲಿದ್ದ ಪಾನಿ ಖಾದಿ ಅಂಗಿಯ ಮೇಲೆ ಹರಿಯಿತು. ಗೋಪಾಲ್ ಕರ್ಚೀಫಿನಿಂದ ಒರೆಸಲು ಹೋಗಿ ಒದ್ದೆ ಚುಕ್ಕೆಯನ್ನು ಕೆರೆ ಮಾಡಿದ. ಬಿಕ್ಕಳಿಕೆ ನಿಂತ ಮೇಲೆ ನರೇಶ ಅಂಗಿ ಹಿಂಡಿಕೊಂಡು ಕಾರು ಹತ್ತಿದ. ಬೂದಿಕೋಟೆಯ ರಸ್ತೆಯಲ್ಲಿ ಹಾಲಿನ ಡೇರಿಯ ಮುಂದೆ ಎಮ್ಮೆಗಳು ಅಡ್ಡ ನಿಂತಾಗಲೂ ಅವನು ಫೋಟೋ ತೆಗೆಯಲಿಲ್ಲ. ಇಷ್ಟು ಒಳ್ಳೆಯ ಎಮ್ಮೆಗಳು ವ್ಯರ್ಥವಾದುದನ್ನು ಕಂಡು ಗೋಪಾಲ್ ಆಸೆ ಬಿಟ್ಟ.

ಮುನಿಗಂಗಮ್ಮನ ಮನೆಯ ಮುಂದೆ ಸಗಣಿ ಸಾರಿಸಿ ರಂಗೋಲಿ ಹಾಕಿತ್ತು. ಒಳಗೆ ಕರಿ ಹಿಡಿದ ತೊಲೆ, ಗೂಡಿನಲ್ಲಿ ದೀಪ, ಮೂಲೆಯಲ್ಲಿ ಒರಳುಕಲ್ಲು. ನರೇಶನ ಮುಖ ಅರಳಿತು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಲು ಹೋಗಿ ಮಂಡಿ ಕೇಳದೆ ಒಂದು ಕಾಲು ಚಾಚಿ ಕೂತ. ಬಾಳೆ ಎಲೆ ಬಂತು. ಮುದ್ದೆ ಬಂತು, ನುಣುಪಾಗಿ, ಅಂಗೈಯಗಲ, ಮೇಲೆ ತುಪ್ಪ ಮಿನುಗುತ್ತ. ಸೊಪ್ಪಿನ ಸಾರು, ಕೋಸಂಬರಿ, ಹುಚ್ಚೆಳ್ಳಿನ ಚಟ್ನಿ ಬಂದವು. ಮುನಿಗಂಗಮ್ಮ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು.

ನರೇಶ ಒಂದು ತುತ್ತು ನುಂಗಿದ. ಆಮೇಲೆ ಇನ್ನೊಂದು.

"ಕಲ್ಪನಾ" ಎಂದ, ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ. "ಇದನ್ನ ಅಂಗಡೀಲಿ ಮಾಡೋಕೆ ಸಾಧ್ಯವಾ ಹೇಳು. ಕೈ ರುಚಿ. ಮಣ್ಣಿನ ರುಚಿ."

"ಸೌದೆ ಒಲೆ ವಾಸನೆ ಬರ್ತಿದೆ ನೋಡಿ" ಎಂದಳು ಕಲ್ಪನ, ಮುದ್ದೆಯನ್ನು ಮೂಗಿನ ಹತ್ತಿರ ಹಿಡಿದು.

ಗೋಪಾಲನಿಗೆ ಹೋದ ಜೀವ ಬಂದಂತಾಯಿತು. ಸಂತೋಷದಲ್ಲಿ ಬೇಗ ಉಂಡು, ಕೈ ತೊಳೆಯಲು ಹಿತ್ತಲಿಗೆ ಹೋದ. ಅಲ್ಲಿ ಕಲ್ಲಿನ ಪಕ್ಕ ಪ್ಲಾಸ್ಟಿಕ್ ಡಬ್ಬಿಗಳು ಒಂದರ ಮೇಲೊಂದು ಪೇರಿಸಿದ್ದವು. ಪ್ರತಿ ಮುಚ್ಚಳದ ಮೇಲೂ ಬಂಗಾರದ ಬಣ್ಣದಲ್ಲಿ ಸಿರಿತಟ್ಟೆ ಎಂದು ಬರೆದಿತ್ತು.

"ಇದೇನಪ್ಪ" ಎಂದ ಗೋಪಾಲ್.

ನೀರು ಹಾಕಲು ಚೊಂಬು ಹಿಡಿದು ನಿಂತಿದ್ದ ಚಿಕ್ಕವೆಂಕಟಪ್ಪ ಹಿಗ್ಗಿಹೋದ. "ಗಾಡೀಲ್ ಓಗಿ ನಾನೇ ತಂದೆ ಸಾ, ಬಿಸಿ ಬಿಸೀದು. ಅಲ್ಲಿ ಅಳ್ಳಿ ಊಟ ಅಂತಾನೇ ಒಂದ್ ಐತೆ. ಬೆಂಗಳೂರಿಂದ ನೆಂಟ್ರು ಬತ್ತಾವ್ರೆ, ಅವ್ರಿಗೆ ನಮ್ ಗಟ್ಟಿ ಮುದ್ದೆ, ಉಳ್ಳಿ ಸಾರು ಇಕ್ಕಿದ್ರೆ ಮರ್ವಾದೆ ಇರ್ತದಾ, ಎ.ಸಿ. ಓಟ್ಲಿಂದ ತಂದು ಇಕ್ಕು ಅಂದ್ಳು ನಮ್ಮಮ್ಮ. ಸಾರು ಗಟ್ಟಿ ಇತ್ತು, ಒಲೆ ಮೇಲೆ ಒಸಿ ಕುದಿಸಿದ್ವಿ, ಅಷ್ಟೆ."

ಗೋಪಾಲ್ ಅಡುಗೆಮನೆಯೊಳಗೆ ಇಣುಕಿದ. ಒಲೆಯ ಮೇಲೆ ಅವರ ಮನೆಯವರಿಗೆಂದು ಹುರುಳಿ ಸಾರು ಕುದಿಯುತ್ತಿತ್ತು. ಅದರ ಘಮಕ್ಕೆ ಉಂಡ ಹೊಟ್ಟೆ ಮತ್ತೆ ಹಸಿಯಿತು. ನೆಂಟರಿಗೆ ತಮ್ಮಲ್ಲಿರುವುದರಲ್ಲಿ ಒಳ್ಳೆಯದನ್ನು ಕೊಡಬೇಕೆಂದು ಬೆಳಿಗ್ಗೆ ತಾನು ಮಾಡಿದ್ದನ್ನೇ ಈ ತಾಯಿಯೂ ಮಾಡಿದ್ದಳು. ಅವಳ ಕಣ್ಣಿಗೂ ಒಳ್ಳೆಯದು ಅಂದರೆ ಆ ಹೊಳೆಯುವ ಬೋರ್ಡಿನ ಕೆಳಗೇ ಇತ್ತು. ಗೋಪಾಲನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಳಗೆ ಬಂದಾಗ ನರೇಶ ಎದೆಯ ಮೇಲೆ ಕೈಯಿಟ್ಟು ಶಾಂತಮ್ಮನಿಗೆ ಹೇಳುತ್ತಿದ್ದ. "ಅಕ್ಕಾ, ನಾನು ಇದುವರೆಗೆ ತಪ್ಪು ತಿಳಿದಿದ್ದೆ. ಇಲ್ಲಿ ಬದುಕಬಹುದು. ಬದುಕಿದರೆ ಇಲ್ಲೇ ಬದುಕಬೇಕು."

ಗೋಪಾಲ್ ಹೆಂಡತಿಯ ಮುಖ ನೋಡಿದ. ಸರ್ಟಿಫಿಕೇಟು ಬಂದಿತ್ತು, ರುಜು ಸಮೇತ. ಸೆಲ್ವರಾಜ್ ಮೂಲೆಯಿಂದ ಹೆಬ್ಬೆಟ್ಟು ಎತ್ತಿ ತೋರಿಸಿದ.

"ಅದಕ್ಕೇ ಈಗಲೇ ತೀರ್ಮಾನ ಮಾಡಿದೀವಿ" ಎಂದು ನರೇಶ ಮುಂದುವರಿಸಿದ. "ನಾನೂ ಕಲ್ಪನಾನೂ ಇಲ್ಲಿಗೇ ಬಂದ್ಬಿಡ್ತೀವಿ. ಬಂಗಾರಪೇಟೇಲಿ ನಿಮ್ಮ ಮನೆ ಖಾಲಿ ಇದೆಯಲ್ಲ, ಅದರಲ್ಲಿರ್ತೀವಿ. ನಮ್ಮ ಫ್ಲ್ಯಾಟ್ ಯಾರ ಕೈಗೆ ಒಪ್ಪಿಸೋದು ಅನ್ನೋದೊಂದೇ ಚಿಂತೆ ಇತ್ತು. ಅಕ್ಕನಿಗೆ ಮಲ್ಲೇಶ್ವರ ಅಂದ್ರೆ ಪ್ರಾಣ. ನೀವಿಬ್ರೂ ಅಲ್ಲಿರಿ. ನಮ್ಮವರೇ ಅಂದಮೇಲೆ ಬಾಡಿಗೆ ಮಾತೇ ಬೇಡ."

ಬೆಳಿಗ್ಗೆಯಿಂದ ಊರನ್ನು ಹೊಗಳಿದ ಗೋಪಾಲನ ಬಾಯಿ ಈಗ ತಿರುಗಬೇಕಾಯಿತು.

"ಅಲ್ಲಿ ನೀರಿಗೆ ಟ್ಯಾಂಕರ್ ಕಾಯಬೇಕಪ್ಪ."

"ಕಾಯೋದು, ಆಹಾ. ನಾವು ಕಾಯೋದನ್ನೇ ಮರೆತುಬಿಟ್ಟಿದ್ದೀವಿ ಗೋಪಾಲಣ್ಣ."

"ಕರೆಂಟು ಹೋಗ್ತಿರುತ್ತೆ."

"ನಕ್ಷತ್ರ ನೋಡಬಹುದು" ಎಂದಳು ಕಲ್ಪನ.

"ಸೊಳ್ಳೆ ಕಣಮ್ಮ, ಬುಟ್ಟಿ ಬುಟ್ಟಿ ಸೊಳ್ಳೆ."

"ಭಾವ, ಜೀವಂತ ಊರು ಅಂದ್ರೆ ಸೊಳ್ಳೆ ಇಲ್ದೆ ಇರುತ್ತಾ?"

ಇನ್ನು ಉಳಿದದ್ದು ಒಂದೇ ದಾರಿ. ಹಿತ್ತಲಿಗೆ ಹೋಗಿ ಒಂದು ಮುಚ್ಚಳ ತಂದು ಅವರ ಎಲೆಯ ಮುಂದೆ ಇಟ್ಟರೆ ಸಾಕಿತ್ತು. ಮಣ್ಣಿನ ರುಚಿ, ಸೌದೆ ಒಲೆ, ತೀರ್ಮಾನ, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಗೋಪಾಲ್ ಗಂಟಲು ಸರಿಮಾಡಿಕೊಂಡು, "ನರೇಶ್, ಈ ಊಟದ ವಿಷಯ ಒಂದು ಮಾತು" ಎಂದ.

ಆಗ ಮುನಿಗಂಗಮ್ಮ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು. "ಊಟ ಸೇರ್ತಾ ಸ್ವಾಮೀ? ನಮ್ ಕೈಲಾದಂಗೆ ಇಕ್ಕಿದೀವಿ. ಏನಾರ ಎಚ್ಚುಕಮ್ಮಿ ಆಗಿದ್ರೆ ಒಟ್ಟೆಗಾಕ್ಕೊಳಿ" ಎಂದು ಕೈಮುಗಿದಳು. ಬೆಂಗಳೂರಿನವರು ತನ್ನ ಮನೆಯಲ್ಲಿ ಎಲೆ ಖಾಲಿ ಮಾಡಿದ ಸಂತೋಷಕ್ಕೆ ಅವಳ ಕಣ್ಣು ತುಂಬಿತ್ತು.

ಎಲ್ಲರೂ ಗೋಪಾಲನ ಕಡೆ ನೋಡುತ್ತಿದ್ದರು.

"ಏನಿಲ್ಲ" ಎಂದ ಗೋಪಾಲ್. "ಬಹಳ ಚೆನ್ನಾಗಿತ್ತು ಅಂತ ಹೇಳೋಣ ಅಂದ್ಕೊಂಡೆ."

ಸಂಜೆ ನರೇಶನ ಕಾರು ಅವರನ್ನು ಕ್ವಾರ್ಟರ್ಸ್ ಮುಂದೆ ಇಳಿಸಿ ಬೆಂಗಳೂರಿಗೆ ಹೊರಟಿತು. ಬಂಗಾರಪೇಟೆಯ ಮನೆಯ ಬೀಗದ ಕೈಯೂ ಅದರಲ್ಲೇ ಹೋಯಿತು. ಸೆಲ್ವರಾಜ್ ಅಭಿನಂದನೆ ಹೇಳಬೇಕೋ ಸಂತಾಪ ಹೇಳಬೇಕೋ ಗೊತ್ತಾಗದೆ, "ನಾನು ದಿನಾ ಬೆಂಗಳೂರಿಗೆ ಬರ್ತೀನಲ್ಲ ಸಾರ್, ಸ್ಟೇಷನ್‌ಗೆ ಬಂದ್ರೆ ಸಿಗ್ತೀನಿ" ಎಂದು ಹೇಳಿ ಮನೆಗೆ ನಡೆದ. ಗೋಪಾಲ್ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿದ. ಇಡೀ ದಿನ ಕಚ್ಚಿದ ಶೂ ಬಿಚ್ಚಿದರೂ ಹಗುರವೆನಿಸಲಿಲ್ಲ.

ಶಾಂತಮ್ಮ ಎರಡು ಲೋಟ ಕಾಫಿ ತಂದು ಪಕ್ಕದಲ್ಲಿ ಕೂತಳು. ದೂರದಲ್ಲಿ ಗಣಿಯ ಮಣ್ಣಿನ ದಿಬ್ಬಗಳ ಮೇಲೆ ಬಿಸಿಲು ಇಳಿಯುತ್ತಿತ್ತು.

"ಒಂದು ವಿಷಯ ಹೇಳ್ಲಾ ಶಾಂತಾ" ಎಂದ ಗೋಪಾಲ್. "ಆ ಊಟ ಮುನಿಗಂಗಮ್ಮ ಮಾಡಿದ್ದಲ್ಲ. ಸಿರಿತಟ್ಟೇದು."

"ಗೊತ್ತು."

ಗೋಪಾಲ್ ಅವಳ ಕಡೆ ತಿರುಗಿದ.

"ಮೊದಲನೇ ತುತ್ತಿಗೇ ಗೊತ್ತಾಯ್ತು" ಎಂದಳು ಶಾಂತಮ್ಮ. "ಮದುವೆ ವಾರ್ಷಿಕೋತ್ಸವದ ದಿನ ನಾನು ತಿಂದದ್ದು ಅದೇ ಅಲ್ವಾ. ನರೇಶ್ ಅವರು ಜೀವ ಇಲ್ಲ ಅಂದಾಗ ಬೇಜಾರಾಗಿತ್ತು. ಎರಡನೇ ಸಲ ಬಡಿಸಿಕೊಂಡರು ನೋಡಿ, ಆವಾಗ ಸಮಾಧಾನ ಆಯ್ತು."

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ ನೀನು?"

"ನೀವ್ಯಾಕೆ ಹೇಳ್ಲಿಲ್ಲ?"

"ಆ ತಾಯಿ ಮುಖ ನೋಡಿ ಬಾಯಿ ಬರಲಿಲ್ಲ ಕಣೇ."

ಶಾಂತಮ್ಮ ಅವನ ಕೈಯ ಮೇಲೆ ಕೈಯಿಟ್ಟಳು. ಮನಸ್ಸು ತುಂಬಿ ಬಂದಾಗ ಮಾತ್ರ ಅವಳು ಹಾಗೆ ಮಾಡುತ್ತಿದ್ದಳು. "ಒಳ್ಳೇದು ಮಾಡಿದ್ರಿ" ಎಂದಳು. ಆಮೇಲೆ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದು ಎದ್ದಳು.

"ನಾನು ಮಲ್ಲೇಶ್ವರದ ಮುಖ ನೋಡಿ ಸುಮ್ನಾದೆ. ಸಾಮಾನು ಸಾಗಿಸೋಕೆ ಒಂದು ಗಾಡಿ ನೋಡೋಕೆ ಸೆಲ್ವರಾಜ್‌ಗೆ ನಾಳೇನೇ ಹೇಳಿಬಿಡಿ."